ಧ್ರುವದ ಕಡೆ ಬಿರುಗಾಳಿ ನಿಂತೇ ಹೋಗುತ್ತದೆಯೇ? ಒಂದು ಸ್ಪಷ್ಟನೆ

"ಆರ್ಕ್ಟಿಕ್ (ಉತ್ತರ ಧ್ರುವದ ಸುತ್ತಲ ಪ್ರದೇಶ) ಬಿಸಿಯಾಗುತ್ತಿದೆ, ಇನ್ನು ಅಲ್ಲಿ ಬಿರುಗಾಳಿ ಕಡಿಮೆಯಾಗುತ್ತಾ ನಿಂತೇ ಹೋಗುತ್ತದೆ" ಎಂಬ ಮಾತು ಎಲ್ಲೆಡೆ ಓಡಾಡುತ್ತಿದೆ. ಇದು ಅರ್ಧ ನಿಜ. ತೊಂದರೆ ಇರುವುದು ಉಳಿದರ್ಧದಲ್ಲಿ.

ಈ ಬಿರುಗಾಳಿಗಳಿಗೆ ಮುಖ್ಯವಾಗಿ ಬಲ ಸಿಗುವುದು ಉಷ್ಣವಲಯದ ಕಡೆಯ ಬೆಚ್ಚನೆ ಮತ್ತು ಧ್ರುವದ ಕಡೆಯ ತಣ್ಣನೆ ಗಾಳಿಯ ನಡುವಿನ ತಾಪಮಾನದ ವ್ಯತ್ಯಾಸದಿಂದ. 1979ರಿಂದೀಚೆಗೆ ಆರ್ಕ್ಟಿಕ್ ಜಗತ್ತಿನ ಸರಾಸರಿಗಿಂತ ಮೂರು–ನಾಲ್ಕು ಪಟ್ಟು ವೇಗವಾಗಿ ಬಿಸಿಯಾಗಿದೆ. ಹಾಗಾಗಿ ನೆಲದ ಹತ್ತಿರ ಆ ವ್ಯತ್ಯಾಸ ತಗ್ಗುತ್ತಿದೆ, ಸರಿ. ಆದರೆ ಸುಮಾರು ಹತ್ತು ಕಿಲೋಮೀಟರ್ ಮೇಲೆ ಹೋದರೆ ಕಥೆ ಉಲ್ಟಾ. ಅಲ್ಲಿ ಜಾಸ್ತಿ ಬಿಸಿಯಾಗುವುದು ಉಷ್ಣವಲಯದ ಗಾಳಿ, ವ್ಯತ್ಯಾಸ ಹೆಚ್ಚುತ್ತದೆ. ಒಂದೇ ಹಗ್ಗವನ್ನು ಎರಡೂ ಕಡೆಯಿಂದ ಎಳೆದ ಹಾಗೆ. ಇನ್ನೊಂದು ಸಂಗತಿ: ಗಾಳಿ 1 ಡಿಗ್ರಿ ಬಿಸಿಯಾದರೆ ಸುಮಾರು ಶೇ 7ರಷ್ಟು ಹೆಚ್ಚು ನೀರಾವಿ ಹಿಡಿಯಬಲ್ಲದು. ಆ ಆವಿ ಮೋಡವಾಗುವಾಗ ಬಿಡುವ ಶಾಖವೂ ಬಿರುಗಾಳಿಗೆ ಮೇವೇ.

ಫಲ ಎಲ್ಲ ಕಡೆ ಒಂದೇ ಅಲ್ಲ. ಉತ್ತರ ಗೋಳಾರ್ಧದಲ್ಲಿ ಬೇಸಿಗೆಯ ಬಿರುಗಾಳಿಗಳು ಸೊರಗಿವೆ. ದಕ್ಷಿಣ ಗೋಳಾರ್ಧದಲ್ಲಿ ಬಿರುಗಾಳಿಗಳು ಬಲಗೊಂಡು ಅಂಟಾರ್ಕ್ಟಿಕಾದ ಕಡೆ ಸರಿದಿವೆ. (ಇದರಲ್ಲಿ ಓಝೋನ್ ರಂಧ್ರದ ಪಾಲೂ ಇದೆ.)

2022ರ ಜನವರಿಯಲ್ಲಿ ಆರ್ಕ್ಟಿಕ್ ಮೇಲೆದ್ದ ಬಿರುಗಾಳಿಯ ನಡುವಿನ ಒತ್ತಡ ಸುಮಾರು 932 ಹೆಕ್ಟೊಪಾಸ್ಕಲ್‌ಗೆ (ಗಾಳಿಯ ಒತ್ತಡದ ಅಳತೆ; ಇದು ಇಳಿದಷ್ಟೂ ಬಿರುಗಾಳಿಯ ಬಲ ಹೆಚ್ಚು) ಇಳಿದಿತ್ತು. ಒಂದು ಬಿರುಗಾಳಿಯಿಂದ ಏನೂ ಸಾಬೀತಾಗುವುದಿಲ್ಲ, ನಿಜ. ಆದರೆ "ನಿಂತೇ ಹೋಗುತ್ತದೆ" ಅನ್ನುವವರು ಇದನ್ನು ಸುಮ್ನೆ ಬದಿಗಿಡಲಾಗದು, ಅಲ್ವಾ?

ಸಮುದ್ರದ ಮೇಲಿನ ಹಿಮದ ಹೊದಿಕೆ ಕುಗ್ಗಿರುವುದನ್ನೂ ಮರೆಯಬಾರದು. ತಡೆಯಿಲ್ಲದ ನೀರಿನ ಮೇಲೆ ಅದೇ ಬಲದ ಗಾಳಿಯೂ ದೊಡ್ಡ ಅಲೆ ಎಬ್ಬಿಸುತ್ತದೆ. ಅಲಾಸ್ಕಾ, ಸೈಬೀರಿಯಾದ ದಡಗಳು ಈಗಾಗಲೇ ಹಾಗೆ ಕೊರೆದು ಹೋಗುತ್ತಿವೆ.