ಮೂರು ಇನಿಂಗ್ಸ್ ಆಯ್ತು, ಸಾಕು ಬಾ

2024ರ ಏಪ್ರಿಲ್‌ನಲ್ಲಿ ಅಮೆರಿಕದ ಬೇಸ್‌ಬಾಲ್ ತಂಡ ಪಿಟ್ಸ್‌ಬರ್ಗ್ ಪೈರೇಟ್ಸ್‌ನ ಅಭಿಮಾನಿಗಳ ಸಿಟ್ಟು ನೆತ್ತಿಗೇರಿತ್ತು. ಹಿಂದಿನ ವರ್ಷದ ಡ್ರಾಫ್ಟ್‌ನಲ್ಲಿ (ತಂಡಗಳು ಸರದಿಯಂತೆ ಹೊಸಬರನ್ನು ಆರಿಸಿಕೊಳ್ಳುವ ವ್ಯವಸ್ಥೆ) ಎಲ್ಲರಿಗಿಂತ ಮೊದಲು ಆರಿಸಿ, 92 ಲಕ್ಷ ಡಾಲರ್ ಬೋನಸ್ ಕೊಟ್ಟು ತಂದ ಪಿಚರ್, ಅಂದರೆ ಚೆಂಡೆಸೆಯುವ ಪಾಲ್ ಸ್ಕೀನ್ಸ್ ಗಂಟೆಗೆ 100 ಮೈಲಿ ವೇಗದಲ್ಲಿ ಎಸೆಯುತ್ತಿದ್ದಾನೆ. ಆದರೆ ಅಗ್ರ ದರ್ಜೆಯ ಮೇಜರ್ ಲೀಗ್‌ಗಿಂತ ಒಂದು ಮೆಟ್ಟಿಲು ಕೆಳಗೆ, ಟ್ರಿಪಲ್-ಎ ಮಟ್ಟದ ಇಂಡಿಯಾನಾಪೊಲಿಸ್ ತಂಡದಲ್ಲಿ. ಅಲ್ಲೂ ಮೊದಮೊದಲು ಒಂಬತ್ತು ಇನಿಂಗ್ಸ್‌ನ ಆಟದಲ್ಲಿ ಮೂರು ಇನಿಂಗ್ಸ್ ಆಗುತ್ತಿದ್ದಂತೆ ಕರೆದು ಕೂರಿಸುತ್ತಿದ್ದರು. ಕ್ರಿಕೆಟ್ ನೋಡಿ ಬೆಳೆದವರಿಗೆ ಇದು ಸುಲಭಕ್ಕೆ ತಲೆಗೆ ಹತ್ತುವುದಿಲ್ಲ. ಚೆನ್ನಾಗಿ ಹಾಕುತ್ತಿರುವವನಿಗೆ ಇನ್ನೊಂದು ಓವರ್ ಕೊಡುವುದು ನಮ್ಮ ಜಾಯಮಾನ.

ಅದೇ ದಿನಗಳಲ್ಲಿ ನಮ್ಮ ಚಿನ್ನಸ್ವಾಮಿಯಲ್ಲಿ ಲಕ್ನೋದ ಮಯಂಕ್ ಯಾದವ್ ಆರ್‌ಸಿಬಿ ವಿರುದ್ಧ 156.7 ಕಿಲೋಮೀಟರ್ ವೇಗದ ಚೆಂಡು ಹಾಕಿ, 14 ರನ್ನಿಗೆ ಮೂರು ವಿಕೆಟ್ ಕಿತ್ತ. ತಕ್ಷಣ ವಿಶ್ವಕಪ್ಪಿಗೆ ಕರೆದೊಯ್ಯಿರಿ ಎಂಬ ಕೂಗೆದ್ದಿತು. ಮುಂದಿನ ಪಂದ್ಯದಲ್ಲಿ ಒಂದೇ ಓವರ್ ಹಾಕಿ ನೋವಿನಿಂದ ಹೊರನಡೆದ. ತಿಂಗಳ ಕೊನೆಗೆ ಮರಳಿದ, ಮತ್ತೆ ಅದೇ ಕಥೆ. ಅಕ್ಟೋಬರ್‌ನಲ್ಲಿ ಭಾರತದ ಕ್ಯಾಪ್, ಮೂರು ಟಿ20, ಆಮೇಲೆ ಬೆನ್ನು ಕೈಕೊಟ್ಟಿತು. ಅಷ್ಟರವರೆಗೆ ಹುಡುಗ ಆಡಿದ್ದ ಪ್ರಥಮ ದರ್ಜೆ ಕ್ರಿಕೆಟ್ ಹೆಚ್ಚೂಕಡಿಮೆ ಇಲ್ಲವೇ ಇಲ್ಲ. ಸ್ಪೀಡ್ ಗನ್ ನೋಡಿ ಬಡ್ತಿ ಕೊಟ್ಟರೆ ಇನ್ನೇನಾಗುತ್ತದೆ?

ಅಮೆರಿಕದ ಬೇಸ್‌ಬಾಲ್‌ನವರ ಲೆಕ್ಕ ಬೇರೆ. ಸ್ಕೀನ್ಸ್ 2023ರಲ್ಲಿ ಎಲ್‌ಎಸ್‌ಯು (ಲೂಸಿಯಾನ ಸ್ಟೇಟ್ ವಿಶ್ವವಿದ್ಯಾಲಯ) ಕಾಲೇಜಿಗೆ 122 ಚಿಲ್ಲರೆ ಇನಿಂಗ್ಸ್ ಎಸೆದಿದ್ದ, ಅದೂ ವಾರಕ್ಕೊಮ್ಮೆ. ಟ್ರಿಪಲ್-ಎಯಲ್ಲೂ ಸೋಮವಾರ ರಜೆ, ಮಂಗಳವಾರದಿಂದ ಭಾನುವಾರದವರೆಗೆ ಒಂದೇ ಎದುರಾಳಿ, ಹಾಗಾಗಿ ಪಿಚರ್‌ಗೆ ವಾರಕ್ಕೊಂದೇ ಸರದಿ. ಮೇಜರ್ ಲೀಗ್‌ನಲ್ಲಾದರೆ ಐದನೇ ಅಥವಾ ಆರನೇ ದಿನಕ್ಕೇ ಸರದಿ ಬಂದುಬಿಡುತ್ತದೆ. ಹುಡುಗನನ್ನು ಮೇಲಕ್ಕೆ ಕಳಿಸುವ ಮುನ್ನ ಎಸೆತಗಳನ್ನು 45, 60, 75, 90 ಎಂದು ಸರದಿಗೆ ಹದಿನೈದರಂತೆ ಏರಿಸುವುದು ಒಂದು ರೂಢಿ. ಅದು ಮೈಗೆ ಹತ್ತಿದ ಮೇಲಷ್ಟೇ ಬಿಡುವಿನ ದಿನ ಕಡಿಮೆ ಮಾಡಬೇಕು. ಎರಡನ್ನೂ ಒಟ್ಟಿಗೆ ಬದಲಿಸಿದರೆ, ಕೈ ನೋವೆಂದಾಗ ಯಾವುದರಿಂದ ಬಂತು ಎಂದೇ ಗೊತ್ತಾಗುವುದಿಲ್ಲ.

ಇಲ್ಲಿ ಅಳೆಯುವುದು ವಿಕೆಟ್ ಥರದ ಫಲವನ್ನಲ್ಲ. ನಾಲ್ಕು-ಐದನೇ ಇನಿಂಗ್ಸ್‌ನಲ್ಲಿ ವೇಗ ಎರಡು ಮೈಲಿ ಇಳಿಯಿತೇ? ಚೆಂಡು ಕೈಬಿಡುವ ಎತ್ತರ ಒಂದೆರಡು ಇಂಚು ತಗ್ಗಿತೇ? ಕಾಲು ಸೋತಾಗ ಮುಂದಿನ ಭುಜ ಬೇಗ ತೆರೆದುಕೊಳ್ಳುತ್ತದೆ, ಎಸೆಯುವ ಕೈ ಹಿಂದೆ ಬೀಳುತ್ತದೆ, ಎಳೆತವೆಲ್ಲ ಮೊಣಕೈ ಒಳಬದಿಯ ಲಿಗಮೆಂಟ್ ಮೇಲೆ ಹೋಗುತ್ತದೆ. ಬಲಗೈ ಪಿಚರ್‌ನ ಚೆಂಡುಗಳು ಅವನ ಬಲಕ್ಕೇ, ಮೇಲಕ್ಕೇ ತಪ್ಪತೊಡಗಿದರೆ ಅಲ್ಲಿಗೆ ನಿಲ್ಲಿಸಬೇಕು; ಅಂಕಿ 45 ಇರಲಿ, 80 ಇರಲಿ.

ವೇಗದ ಚೆಂಡು, ಪಕ್ಕಕ್ಕೆ ತಿರುಗುವ ಸ್ಲೈಡರ್ ಬಿಟ್ಟು ಮೂರನೇ ಅಸ್ತ್ರದ ಪ್ರಶ್ನೆಯೂ ಇದೆ. ಹೊರಹೋಗುವ ಸ್ಲೈಡರ್‌ಗೆ ಟ್ರಿಪಲ್-ಎ ಬ್ಯಾಟರ್‌ಗಳು ಬೀಸುತ್ತಾರೆ, ಮೇಲಿನವರು ಬಿಟ್ಟುಬಿಡುತ್ತಾರೆ. ಎಡಗೈ ಬ್ಯಾಟರ್ ಎರಡನೇ ಸಲ ಎದುರಾದಾಗ ತೋರಿಸಲು ಹೊಸದೇನೂ ಇಲ್ಲದಿದ್ದರೆ 100 ಮೈಲಿ ವೇಗವೂ ಬೌಂಡರಿ ಗೋಡೆಯಾಚೆ ಹೋಗುತ್ತದೆ. ಸ್ಕೀನ್ಸ್‌ಗೆ ಅದಕ್ಕೆ ಒದಗಿದ್ದು ‘ಸ್ಪ್ಲಿಂಕರ್’. ಸುಮಾರು 94 ಮೈಲಿ ವೇಗದಲ್ಲಿ ಬಂದು ಕೊನೆಗೆ ಧುತ್ತೆಂದು ಕೆಳಕ್ಕೆ ಬೀಳುವ ಚೆಂಡು. ಕೆಳಗಿನ ದರ್ಜೆಯಲ್ಲಿ ಅದನ್ನು ಪಳಗಿಸಿಕೊಳ್ಳುವಾಗ ಪಂದ್ಯ ಸೋತರೂ ಯಾರೂ ಬೈಯುವುದಿಲ್ಲ.

ನಮ್ಮ ಅಭಿಮನ್ಯು ಮಿಥುನ್ ನೆನಪಾಗುವುದು ಇಲ್ಲೇ. 2009-10ರ ಮೊದಲ ರಣಜಿ ಋತುವಿನಲ್ಲೇ 47 ವಿಕೆಟ್. ಮೈಸೂರಿನ ಫೈನಲ್‌ನಲ್ಲಿ ಮುಂಬೈ ಎದುರು ಆರು ರನ್ನಿನಿಂದ ಸೋತ ವರ್ಷ, ಬಿಡಿ. ಜುಲೈ ಹೊತ್ತಿಗೆ ಇಪ್ಪತ್ತರ ಹುಡುಗ ಗಾಲೆಯಲ್ಲಿ ಟೆಸ್ಟ್ ಆಡುತ್ತಿದ್ದ. ಒಟ್ಟು ಆಡಿದ್ದು ನಾಲ್ಕೇ ಟೆಸ್ಟ್. ಎಷ್ಟು ವಿಕೆಟ್ ಎಂಬುದು ಆಗ ಎಲ್ಲರ ಬಾಯಲ್ಲಿತ್ತು, ಎಷ್ಟು ಓವರ್ ಎಂದು ಕೇಳಿದವರು ನನಗಂತೂ ಸಿಕ್ಕಿಲ್ಲ. ಬೆಂಗಳೂರಿನಲ್ಲಿ ಈಗ ಕ್ರಿಕೆಟ್ ಮಂಡಳಿಯ ಸೆಂಟರ್ ಆಫ್ ಎಕ್ಸಲೆನ್ಸ್ ಇದೆ, ಎಣಿಸುವವರೂ ಇದ್ದಾರೆ. ಆದರೆ ಅಲ್ಲಿನ ಸುದ್ದಿ ನಮ್ಮ ಕಿವಿಗೆ ಬೀಳುವುದು ಹೆಚ್ಚಾಗಿ ಯಾರೋ ಗಾಯಗೊಂಡು ಅಲ್ಲಿಗೆ ಹೋದಾಗಲೇ.

ಹಾಗಂತ ಅಮೆರಿಕದವರ ತಾಳ್ಮೆಯೆಲ್ಲ ಹುಡುಗನ ಮೇಲಿನ ಅಕ್ಕರೆಯೇನಲ್ಲ. ಮೇಜರ್ ಲೀಗ್ ಪಟ್ಟಿಯಲ್ಲಿ 172 ದಿನ ಇದ್ದರೆ ಒಂದು ವರ್ಷದ ಸೇವೆ. ಅಂಥ ಆರು ವರ್ಷ ತುಂಬಿದರೆ ಆಟಗಾರ ಬೇಕಾದ ತಂಡ ಸೇರಲು ಸ್ವತಂತ್ರ. ಋತು ಇರುವುದು ಸುಮಾರು 187 ದಿನ. ಶುರುವಿನ ಎರಡು-ಮೂರು ವಾರ ಕೆಳಗಿಟ್ಟರೆ ಮಾಲೀಕರಿಗೆ ಇನ್ನೊಂದು ವರ್ಷ ಅಗ್ಗದಲ್ಲಿ ದಕ್ಕುತ್ತದೆ. ‘ಇನ್ನೂ ಪಳಗಬೇಕು’ ಎಂಬ ಮಾತಿನ ಹಿಂದೆ ಎಷ್ಟೋ ಸಲ ಇರುವುದು ಈ ಕ್ಯಾಲೆಂಡರ್. ಆಟಗಾರರ ಸಂಘ ಮತ್ತು ಮಾಲೀಕರ ನಡುವಿನ 2022ರ ಒಪ್ಪಂದ ಇದಕ್ಕೊಂದು ಕೊಕ್ಕೆ ಹಾಕಿದೆ: ವರ್ಷದ ಹೊಸಬ ಪ್ರಶಸ್ತಿಯ ಮತದಲ್ಲಿ ಮೊದಲ ಎರಡು ಸ್ಥಾನ ಪಡೆದವನಿಗೆ ಪೂರ್ತಿ ವರ್ಷದ ಸೇವೆ ಸಿಗುತ್ತದೆ. ಮೇ 11ಕ್ಕೆ ಬಂದ ಸ್ಕೀನ್ಸ್ 133 ಇನಿಂಗ್ಸ್‌ನಲ್ಲಿ 170 ಸ್ಟ್ರೈಕೌಟ್ (ಮೂರು ಸ್ಟ್ರೈಕ್‌ಗೆ ಬ್ಯಾಟರ್ ಔಟ್) ಮಾಡಿ, ಒಂಬತ್ತು ಇನಿಂಗ್ಸ್‌ಗೆ 1.96 ರನ್ ಸರಾಸರಿಯೊಂದಿಗೆ ಪ್ರಶಸ್ತಿಯನ್ನೇ ಗೆದ್ದ. ಪೈರೇಟ್ಸ್‌ಗೆ ಆ ವರ್ಷವೂ ಉಳಿಯಲಿಲ್ಲ. ಮೊದಲ ದಿನದಿಂದಲೇ ಆಡಿಸಿದ್ದರೆ ಸಿಗಬಹುದಾಗಿದ್ದ ಹೆಚ್ಚುವರಿ ಡ್ರಾಫ್ಟ್ ಆಯ್ಕೆಯೂ ಹೋಯಿತು.

ಎಣಿಸಿದರೆ ಕೈ ಉಳಿಯುತ್ತದೆ ಎಂಬ ಖಾತರಿಯೂ ಇಲ್ಲ. ಮಯಾಮಿ ತಂಡದ ಪಿಚರ್ ಯೂರಿ ಪೆರೆಜ್‌ನನ್ನು 2023ರಲ್ಲಿ ಇಪ್ಪತ್ತನೇ ವಯಸ್ಸಿಗೆ ಮೇಲೆ ತಂದರು, ಇನಿಂಗ್ಸ್ ಉಳಿಸಲೆಂದೇ ಜುಲೈನಲ್ಲಿ ಕೆಳಗೆ ಕಳಿಸಿದರು. ಮರುವರ್ಷ ಏಪ್ರಿಲ್‌ನಲ್ಲಿ ಮೊಣಕೈ ಶಸ್ತ್ರಚಿಕಿತ್ಸೆ ತಪ್ಪಲಿಲ್ಲ.

ಇನ್ನೊಂದನ್ನೂ ಒಪ್ಪಬೇಕು. ಮೇಲೆ ಬಂದ ಮೇಲೂ ಸ್ಕೀನ್ಸ್‌ನ ಎಣಿಕೆ ನಿಲ್ಲಲಿಲ್ಲ. ಜುಲೈ 11ರಂದು ಮಿಲ್ವಾಕಿ ವಿರುದ್ಧ ಏಳು ಇನಿಂಗ್ಸ್‌ನಲ್ಲಿ ಒಂದೂ ಹಿಟ್ ಕೊಡದೆ 11 ಸ್ಟ್ರೈಕೌಟ್ ಮಾಡಿದವನನ್ನು, 99 ಎಸೆತ ಆಯಿತೆಂದು ಇಳಿಸಿದರು. ಲಗಾಮು ಮೇಲಿದ್ದೂ ಹಿಡಿಯಬಹುದು ಎಂದಾದರೆ, ಏಪ್ರಿಲ್ ಪೂರ್ತಿ ಇಂಡಿಯಾನಾಪೊಲಿಸ್‌ನಲ್ಲಿ ಇಟ್ಟದ್ದಕ್ಕೆ ಮೊಣಕೈಯೊಂದೇ ನೆಪವಾಗದು. ನನ್ನ ಲೆಕ್ಕದಲ್ಲಿ ಅವನು ಎರಡು ವಾರ ತಡವಾಗಿ ಬಂದ. ಮಯಂಕ್ ಎರಡು ರಣಜಿ ಋತು ಬೇಗ ಬಂದ.