ಹನ್ನೆರಡು ರೂಮು, ಹನ್ನೆರಡೂ ಖಾಲಿ

ದೆವ್ವದ ಸಿನಿಮಾ ಅಂದರೆ ನಮ್ಮವರ ಬಾಯಿಗೆ ಮೊದಲು ಬರುವುದು ‘ನಾ ನಿನ್ನ ಬಿಡಲಾರೆ’. 1979ರದ್ದು. ಅನಂತನಾಗ್ ಮೈಮೇಲೆ ಹೆಣ್ಣು ದೆವ್ವ ಬಂದಾಗ ಅವರ ಕಣ್ಣು ನೋಡಿ ಹೆದರಿದವರು ಈಗ ಅಜ್ಜ-ಅಜ್ಜಿಯರಾಗಿದ್ದಾರೆ, ಆದರೂ ರಾತ್ರಿ ಹೊತ್ತು ಅದರ ಸುದ್ದಿ ಎತ್ತಿದರೆ ‘ಬೇಡ ಬಿಡಿ’ ಅನ್ನುತ್ತಾರೆ. ಆ ಸಿನಿಮಾದ ಬಗ್ಗೆ ನನ್ನ ತಕರಾರೇನಿಲ್ಲ. ಆದರೆ ಅದರಲ್ಲಿ ಒಂದು ಧೈರ್ಯ ಇದೆ. ರಾಯರಿದ್ದಾರೆ. ಮಂತ್ರಾಲಯಕ್ಕೆ ಬಸ್ಸಿದೆ. ಎಂಥ ದೆವ್ವವಾದರೂ ಕೊನೆಗೆ ಒಂದು ದಾರಿಗೆ ಬರಲೇಬೇಕು.

ಬೆಂಗಳೂರಿನ ದೆವ್ವವಂತೂ ಇನ್ನೂ ಸಾಧು. 1990ರ ದಶಕದಲ್ಲಿ ರಾತ್ರಿ ಬಂದು ಬಾಗಿಲು ತಟ್ಟುವ ದೆವ್ವದ ಗುಲ್ಲೆದ್ದಿತ್ತು, ನೆನಪಿದೆಯಾ? ಬಾಗಿಲ ಮೇಲೆಲ್ಲ ‘ನಾಳೆ ಬಾ’ ಅಂತ ಬರೆದಿದ್ದರು. ದೆವ್ವ ಬಂದು ಓದಿಕೊಂಡು ವಾಪಸ್ ಹೋಗುತ್ತಿತ್ತಂತೆ. ಮಾರನೇ ರಾತ್ರಿ ಮತ್ತೆ ಬರುವುದು, ಮತ್ತೆ ಓದುವುದು, ಮತ್ತೆ ಹೋಗುವುದು. ಬದುಕಿದ್ದಾಗ ಖಾತೆ ಬದಲಾವಣೆಗೆ ಅಲೆದಿದ್ದ ಆತ್ಮವೇ ಇರಬೇಕು. ಅಕ್ಷರಸ್ಥ ದೆವ್ವ, ಅದೂ ಕನ್ನಡ ಬಲ್ಲದ್ದು. ಅದಕ್ಕೆ ಯಾಕೆ ಹೆದರಬೇಕು?

ನನ್ನನ್ನು ಇವತ್ತಿಗೂ ಹೆದರಿಸುವ ಸಿನಿಮಾದಲ್ಲಿ ದೆವ್ವವೇ ಇಲ್ಲ. ಅದರಲ್ಲಿರುವುದು ಒಬ್ಬ ಓನರ್. ಸಿನಿಮಾ ಆಲ್ಫ್ರೆಡ್ ಹಿಚ್‌ಕಾಕ್ ಅವರ ‘ಸೈಕೋ’. 1960ರದ್ದು, ಕಪ್ಪು-ಬಿಳುಪು. ಕೊನೆಯನ್ನು ಯಾರಿಗೂ ಹೇಳಬೇಡಿ ಅಂತ ಹಿಚ್‌ಕಾಕ್ ಪ್ರೇಕ್ಷಕರನ್ನು ಬೇಡಿಕೊಂಡಿದ್ದರು. ಅರವತ್ತು ವರ್ಷದ ಮೇಲಾಯಿತು, ಈಗ ಹೇಳಿದರೆ ಬೇಜಾರು ಮಾಡಿಕೊಳ್ಳಲಾರರು.

ಮೇರಿಯನ್ ಕ್ರೇನ್ ಅಂತ ಒಬ್ಬ ಹುಡುಗಿ. ಫೀನಿಕ್ಸ್ ಊರಿನಲ್ಲಿ ಕೆಲಸ. ಬ್ಯಾಂಕಿಗೆ ಕಟ್ಟು ಅಂತ ಸಾಹೇಬರು ಕೊಟ್ಟ 40,000 ಡಾಲರ್ ಎತ್ತಿಕೊಂಡು ಕಾರಿನಲ್ಲಿ ಹೊರಟುಬಿಡುತ್ತಾಳೆ. ರಾತ್ರಿ, ಜೋರು ಮಳೆ. ದಾರಿ ತಪ್ಪಿ ಬೇಟ್ಸ್ ಮೋಟೆಲ್ ಮುಂದೆ ನಿಲ್ಲುತ್ತಾಳೆ. ಗುಡ್ಡದ ಮೇಲಿನ ಮನೆಯಿಂದ ನಾರ್ಮನ್ ಅನ್ನೋ ಹುಡುಗ ಕೊಡೆ ಹಿಡಿದು ಓಡಿ ಬರುತ್ತಾನೆ. ಹೊಸ ಹೈವೇ ಆದಮೇಲೆ ಈ ಕಡೆ ಯಾರೂ ಬರೋದಿಲ್ಲ, 12 ರೂಮಿದೆ, ಹನ್ನೆರಡೂ ಖಾಲಿ ಅನ್ನುತ್ತಾನೆ.

ಬೆಂಗಳೂರಿನವನು ಇಲ್ಲೇ ಎದ್ದು ಓಡಬೇಕು. ಬೆಳಿಗ್ಗೆ ಟು-ಲೆಟ್ ಬೋರ್ಡ್ ಹಾಕಿದರೆ ಸಂಜೆಗೆ ಇರದ ಊರು ಇದು. ಅಂಥದ್ದರಲ್ಲಿ 12 ರೂಮು ಖಾಲಿ! ಅಡ್ವಾನ್ಸ್ ಹತ್ತು ತಿಂಗಳದ್ದು ಅಂತ ನಾರ್ಮನ್ ಕೇಳುವುದಿಲ್ಲ. ವೆಜ್ಜಾ ನಾನ್‌ವೆಜ್ಜಾ ಅಂತ ಕೇಳುವುದಿಲ್ಲ. ಎಷ್ಟು ಜನ ಇರ್ತೀರಾ, ಊರಿಂದ ನೆಂಟರು ಬರ್ತಾರಾ, ಗೋಡೆಗೆ ಮೊಳೆ ಹೊಡೀತೀರಾ, ಒಂದೂ ಇಲ್ಲ. ಬದಲಿಗೆ ಊಟ ಆಯ್ತಾ ಅಂತ ವಿಚಾರಿಸಿ, ಟ್ರೇನಲ್ಲಿ ಸ್ಯಾಂಡ್‌ವಿಚ್ಚು, ಹಾಲು ಇಟ್ಟುಕೊಂಡು ಬರುತ್ತಾನೆ. ಅಡ್ವಾನ್ಸ್ ಕೇಳದೆ ಊಟ ಕೊಡುವ ಓನರ್ ಅಂದಮೇಲೆ ಎದೆ ಧಸಕ್ ಅನ್ನದೆ ಇರುತ್ತಾ?

ಹಾಗಂತ ಕೇಳಿದವರೆಲ್ಲ ನಂಬಿಕಸ್ಥರು ಅಂತಲ್ಲ. ಮದುವೆಗೆ ಮುಂಚೆ ನಾನು ಬಾಡಿಗೆಗಿದ್ದ ಮನೆಯ ಓನರ್ ಅಡ್ವಾನ್ಸ್ ಪೂರ್ತಿ ತೊಗೊಂಡಿದ್ದರು. ಆದರೆ ಮಾತು ನಾರ್ಮನ್ನನದೇ. ಮೆತ್ತಗೆ, ನಗುನಗುತ್ತಾ. ಹಬ್ಬಕ್ಕೆ ಒಬ್ಬಟ್ಟು ಕಳಿಸುವರು. ಒಂದು ಸಂಜೆ ಮೆಟ್ಟಿಲ ಮೇಲೆ ಸಿಕ್ಕಿ, ‘ನಿಮ್ಮ ಬಚ್ಚಲ ನಲ್ಲಿ ತೊಟ್ಟಿಕ್ತಾ ಇತ್ತು ಸಾರ್, ವಾಷರ್ ಹಾಕಿಸ್ದೆ. ಹಾಗೇ ನಿಮ್ಮ ಹಾಲೂ ಒಡೆದೋಗಿತ್ತು, ಚೆಲ್ಲಿ ಪಾತ್ರೆ ತೊಳೆದಿಟ್ಟಿದೀನಿ’ ಅಂದರು. ಬೀಗ ನಾನೇ ಹಾಕಿಕೊಂಡು ಹೋಗಿದ್ದೆ. ಕೀ ನನ್ನ ಜೇಬಲ್ಲಿತ್ತು. ಒಳಗೆ ಹೇಗೆ ಹೋದಿರಿ ಅಂತ ಕೇಳಲು ಬಾಯಿ ಬರಲಿಲ್ಲ. ವಾಷರ್‌ಗೆ ಎಷ್ಟಾಯಿತು ಅಂತ ಕೇಳಿದೆ. ನಾರ್ಮನ್ ಗೋಡೆಯ ಚಿತ್ರಪಟ ಪಕ್ಕಕ್ಕೆ ತೆಗೆದು, ಸಣ್ಣ ತೂತಿನಲ್ಲಿ ಮೇರಿಯನ್ ರೂಮಿಗೆ ಇಣುಕುವ ಜಾಗ ಬಂದಾಗೆಲ್ಲ ನನಗೆ ಆ ತೊಳೆದಿಟ್ಟ ಹಾಲಿನ ಪಾತ್ರೆ ಕಣ್ಣಿಗೆ ಕಟ್ಟುತ್ತದೆ.

ಇನ್ನು ಸ್ನಾನದ ವಿಷಯ. ಮೇರಿಯನ್ ಮನಸ್ಸು ಬದಲಾಯಿಸಿರುತ್ತಾಳೆ. ವಾಪಸ್ ಹೋಗಿ ದುಡ್ಡು ಕೊಟ್ಟುಬಿಡೋಣ ಅಂತ ಕೂತು ಲೆಕ್ಕ ಹಾಕುತ್ತಾಳೆ. ನಲವತ್ತು ಸಾವಿರದಲ್ಲಿ ಕಾರು ಬದಲಾಯಿಸಲು ಹೋದ ಏಳುನೂರು ಕಳೆದರೆ ಎಷ್ಟು? ಚೀಟಿಯಲ್ಲಿ ಬರೆದು ಕಳೆಯುತ್ತಾಳೆ. ಕದ್ದ ದುಡ್ಡಿಗೂ ಕೂಡಿಸಿ-ಕಳೆದು ನೋಡುವ ಹುಡುಗಿ, ಪಾಪ, ನಮ್ಮಂಥವಳೇ. ಚೀಟಿ ಹರಿದು ಕಮೋಡಿಗೆ ಹಾಕಿ ನೀರು ಬಿಟ್ಟು, ಮನಸ್ಸು ಹಗುರ ಮಾಡಿಕೊಂಡು ಶವರ್ ಕೆಳಗೆ ನಿಲ್ಲುತ್ತಾಳೆ. ಆಮೇಲೆ ಏನಾಯಿತು ಅಂತ ಸಿನಿಮಾ ನೋಡದವರಿಗೂ ಗೊತ್ತು.

ಆ ಕೊಲೆ ತೆರೆಯ ಮೇಲೆ ಮುಕ್ಕಾಲು ನಿಮಿಷ. ಅದನ್ನು ತೆಗೆಯಲು 7 ದಿನ ಹಿಡಿಯಿತು. ಹರಿದ ರಕ್ತ ಚಾಕೊಲೇಟ್ ಸಿರಪ್. ಚಾಕು ಇಳಿಯುವ ಸದ್ದು ಒಂದು ಜಾತಿಯ ಕರಬೂಜದ ಹಣ್ಣಿನದ್ದು. ಅಲ್ಲಿ ಸಂಗೀತವೇ ಬೇಡ ಅಂದಿದ್ದರು ಹಿಚ್‌ಕಾಕ್. ಸಂಗೀತ ನಿರ್ದೇಶಕ ಬರ್ನಾರ್ಡ್ ಹರ್ಮನ್ ಮಾತು ಕೇಳದೆ ಬರೀ ತಂತಿವಾದ್ಯಗಳಿಗೆ ಅಂತ ಬರೆದುಬಿಟ್ಟರು. ಆ ಕೀಚಲು ಸದ್ದೇ ಇವತ್ತಿಗೆ ಸಿನಿಮಾದ ಗುರುತು. ಮೇರಿಯನ್ ಪಾತ್ರ ಮಾಡಿದ ಜಾನೆಟ್ ಲೀ ಆಗ ದೊಡ್ಡ ತಾರೆ. ನಮ್ಮ ಲೆಕ್ಕದಲ್ಲಿ ಇಂಟರ್‌ವಲ್‌ಗೆ ಮುಂಚೆಯೇ ಹೀರೋಯಿನ್ ಸತ್ತುಹೋದರೆ ತಡವಾಗಿ ಬಂದವರು ಏನು ನೋಡಬೇಕು? ಅದಕ್ಕೇ ಸಿನಿಮಾ ಶುರುವಾದ ಮೇಲೆ ಯಾರನ್ನೂ ಒಳಗೆ ಬಿಡಬೇಡಿ ಅಂತ ಥಿಯೇಟರ್‌ಗಳಿಗೆ ಕಟ್ಟುನಿಟ್ಟು ಮಾಡಿದ್ದರು. ಸಿಲ್ಕ್ ಬೋರ್ಡ್ ದಾಟಿ ಬಂದವರಿಗೆ ಆ ನಿಯಮ ಹಾಕಿದ್ದರೆ ಕೊಲೆ ಗೇಟಿನ ಹತ್ತಿರವೇ ಆಗುತ್ತಿತ್ತು.

ಇಷ್ಟೆಲ್ಲ ತಿಳಿದುಕೊಂಡು ಏನು ಪ್ರಯೋಜನ? ಕಣ್ಣಿಗೆ ಸೋಪು ಹೋದಾಗ ಚಾಕೊಲೇಟ್ ಸಿರಪ್ ನೆನಪಿಗೆ ಬರುವುದಿಲ್ಲ. ಜಾನೆಟ್ ಲೀ ಅವರೇ ಆ ಸಿನಿಮಾ ನೋಡಿದ ಮೇಲೆ ಶವರ್ ಸ್ನಾನ ಬಿಟ್ಟೆ ಅಂದಿದ್ದರು. ಅವರೇ ಬಿಟ್ಟಮೇಲೆ ನನ್ನದೇನು? ನಾನು ಬಕೆಟ್ಟು-ಚೊಂಬಿನ ಪಕ್ಷ. ಅದಕ್ಕೆ ಕಾರಣವೂ ಇದೆ. ಚೊಂಬಿನಲ್ಲಿ ಹುಯ್ದುಕೊಳ್ಳುವಾಗ ನಡುನಡುವೆ ನೀರಿನ ಸದ್ದು ನಿಲ್ಲುತ್ತದೆ. ಹೊರಗೆ ಯಾರು ಬಂದರು, ಯಾರು ಹೋದರು ಅಂತ ಕೇಳಿಸುತ್ತದೆ. ಬಾಗಿಲ ಕಡೆ ಮುಖ ಮಾಡಿಯೇ ಕೂತಿರುತ್ತೀರಿ. ಶವರ್‌ನಲ್ಲಿ ನೀರಿನ ಸದ್ದು ನಿಲ್ಲುವುದೇ ಇಲ್ಲ. ಮೇಲಾಗಿ ಬೆನ್ನು ಬಾಗಿಲಿಗೆ. ಹಿಚ್‌ಕಾಕ್ ಹೆದರಿಕೆ ಪೂರ್ತಿ ಇರುವುದೇ ಇಷ್ಟರಲ್ಲಿ. 2024ರ ಬೇಸಿಗೆಯಲ್ಲಿ ಊರೆಲ್ಲ ನೀರಿಗೆ ಪರದಾಡುವಾಗ ನಮ್ಮ ಅಪಾರ್ಟ್‌ಮೆಂಟಿನವರು ನನ್ನನ್ನು ತೋರಿಸಿ, ‘ಇವರು ಮೊದಲಿಂದಲೂ ಬಕೆಟ್ಟೇ’ ಅಂತ ಹೊಗಳಿದರು. ನಾನು ಸುಮ್ನೆ ಕೈಮುಗಿದೆ.

ಆದರೆ ನೆಂಟರ ಮನೆಯಲ್ಲಿ ನಮ್ಮ ಪಕ್ಷ ನಡೆಯುವುದಿಲ್ಲ. ಯಲಹಂಕದ ಕಡೆ ನನ್ನ ಸೋದರತ್ತೆಯವರ ಹೊಸ ಫ್ಲಾಟಿಗೆ ಹೋಗಿ ಉಳಿದಿದ್ದೆವು. ಬಾತ್‌ರೂಮಿಗೆ ಎರಡು ಬಾಗಿಲು, ಒಂದೊಂದು ಬೆಡ್‌ರೂಮಿಗೆ ಒಂದೊಂದು. ಒಂದು ಬಾಗಿಲಿಗೆ ಒಳಗಡೆ ಚಿಲಕವೇ ಇಲ್ಲ, ಹೊರಗಡೆ ಇದೆ. ಕಟ್ಟಿಸಿದವರ ಬುದ್ಧಿಗೆ ಏನನ್ನೋದು! ಬಕೆಟ್ ಇಲ್ಲ. ಶವರ್, ಅದರ ಸುತ್ತ ಹಾಲುಬಿಳುಪಿನ ಪ್ಲಾಸ್ಟಿಕ್ ಪರದೆ. ತಲೆಗೆ ಶಾಂಪೂ ಹಾಕಿ ಕಣ್ಣು ಮುಚ್ಚಿದ್ದೆ. ಕಣ್ಣು ಬಿಟ್ಟರೆ ಕರೆಂಟಿಲ್ಲ. ಯುಪಿಎಸ್ ಇನ್ನೂ ಹಾಕಿಸಿರಲಿಲ್ಲ. ಆಗ ಚಿಲಕವಿಲ್ಲದ ಬಾಗಿಲು ಕಿರ್ ಅಂದಿತು. ಪರದೆಯಾಚೆ ಬೆಳಕು ಬಂತು. ಬೆಳಕಿನ ಮುಂದೆ ಒಂದು ಹೆಂಗಸಿನ ನೆರಳು. ತುರುಬು. ಮೇಲೆತ್ತಿದ ಕೈ. ಕೈಯಲ್ಲಿ ಚಾಕು.

ನಾನು ಕಿರುಚಿದ್ದು ಗೇಟಿನ ಸೆಕ್ಯುರಿಟಿಯವನಿಗೂ ಕೇಳಿಸಿತಂತೆ. ನೆರಳೂ ಕಿರುಚಿತು. ಆಮೇಲೆ, ‘ಒಳಗಿದ್ದೀನಿ ಅಂತ ಒಂದು ಮಾತು ಹೇಳ್ಬಾರದೇನೋ!’ ಅಂದಿತು. ಅತ್ತೆ. ಹುರುಳಿಕಾಯಿ ಹೆಚ್ಚುತ್ತಿದ್ದವರು, ಕರೆಂಟ್ ಹೋಗಿದ್ದೇ ಗೀಜರ್ ಆರಿಸಲು ಎದ್ದು ಬಂದಿದ್ದಾರೆ. ಸ್ವಿಚ್ಚು ಎತ್ತರದಲ್ಲಿದೆ, ಅದಕ್ಕೆ ಕೈ ಎತ್ತಿದ್ದಾರೆ. ಚಾಕು ಕೆಳಗಿಟ್ಟು ಬರಲು ತೋಚಿಲ್ಲ. ಹಿಂದೆ ಸೊಸೆ ಮೊಬೈಲ್ ಟಾರ್ಚ್ ಹಿಡಿದು ನಿಂತಿದ್ದಾಳೆ. ಅಷ್ಟರಲ್ಲಿ ನಾನು ಪರದೆಯನ್ನು ಎಳೆದು ಮೈಗೆ ಸುತ್ತಿಕೊಂಡಿದ್ದೆ. ಹಿಚ್‌ಕಾಕ್ ಸುಳ್ಳು ಹೇಳಿಲ್ಲ: ಜೋತುಬಿದ್ದರೆ ಕೊಂಡಿಗಳು ಟಪ್ ಟಪ್ ಅಂತ ಒಂದೊಂದಾಗಿಯೇ ಕಿತ್ತುಕೊಂಡು ಬರುತ್ತವೆ. ಈಗಲೂ ನಮ್ಮ ಕಡೆ ಯಾವ ಮದುವೆಗೆ ಹೋದರೂ, ಪಂಕ್ತಿಯಲ್ಲಿ ಹುರುಳಿಕಾಯಿ ಪಲ್ಯ ಬಡಿಸುವಾಗ ಯಾರಾದರೊಬ್ಬರು ನನ್ನ ಮುಖ ನೋಡಿ ನಗುತ್ತಾರೆ.

ಇಷ್ಟಾದರೂ ಬಚ್ಚಲು ಈ ಸಿನಿಮಾದ ಅಸಲಿ ಭಯವಲ್ಲ ಅಂತ ಗೊತ್ತಾಗಿದ್ದು ಅಮ್ಮನ ಜೊತೆ ಕೂತು ನೋಡಿದಾಗ. ಮಳೆ ಹಿಡಿದಿದ್ದ ಒಂದು ಭಾನುವಾರ ಮಗಳು ಲ್ಯಾಪ್‌ಟಾಪನ್ನು ಟಿವಿಗೆ ಸಿಕ್ಕಿಸಿ ‘ಸೈಕೋ’ ಹಾಕಿದಳು. ಅಮ್ಮನೂ ಬತ್ತಿ ಹೊಸೆಯುತ್ತಾ ಸೋಫಾದಲ್ಲಿ ಕೂತಳು. ಮಗಳು ಕನ್ನಡದಲ್ಲಿ ಹೇಳುತ್ತಾ ಹೋದಳು. ದುಡ್ಡು ಕದ್ದ ಮೇರಿಯನ್ ಮೇಲೆ ಅಮ್ಮನಿಗೆ ಒಂಚೂರೂ ಕನಿಕರವಿಲ್ಲ. ಕಪ್ಪು ಕನ್ನಡಕದ ಪೊಲೀಸು ಕಾರಿನ ಕಿಟಕಿ ತಟ್ಟಿದಾಗ, ‘ಆಗ್ಲಿ ಅವಳಿಗೆ’ ಅಂದಳು.

ನಾರ್ಮನ್ ಬಂದ. ಅಮ್ಮನ ಬತ್ತಿ ನಿಂತಿತು.

‘ಎಷ್ಟು ಸಂಭಾವಿತ ಹುಡುಗ ನೋಡೇ!’

ಗುಡ್ಡದ ಮನೆಯಿಂದ ನಾರ್ಮನ್‌ನ ತಾಯಿ ಕೂಗಾಡುವುದು ಕೇಳಿಸಿತು. ಗೊತ್ತುಗುರಿಯಿಲ್ಲದ ಹುಡುಗಿಯನ್ನು ಮನೆಗೆ ಊಟಕ್ಕೆ ಕರೆಯಕೂಡದು ಅಂತ. ‘ಸರಿಯಾಗೇ ಹೇಳಿದಾಳೆ’ ಅಂದಳು ಅಮ್ಮ. ಸತ್ತ ಹಕ್ಕಿಗಳಿಗೆ ಹುಲ್ಲು ತುಂಬಿ ಇಟ್ಟ ಕೋಣೆಯಲ್ಲಿ ಕೂತು ನಾರ್ಮನ್, ಖಾಯಿಲೆಯ ತಾಯಿಯನ್ನು ಬಿಟ್ಟು ಎಲ್ಲೂ ಹೋಗಲಾರೆ ಅನ್ನುತ್ತಾನೆ. ಅಮ್ಮ ನನ್ನ ಕಡೆ ತಿರುಗಿ, ‘ಕೇಳಿಸ್ಕೊಂಡ್ಯಾ?’ ಅಂದಳು. ಮಗಳು ನನ್ನ ತೊಡೆ ಚಿವುಟಿದಳು. ನನಗೆ ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ.

ಕೊಲೆ ಆಯಿತು. ಅಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು. ನಾರ್ಮನ್ ಓಡಿಬಂದು, ನಡುಗುತ್ತಾ, ತಾಯಿ ಮಾಡಿದ್ದನ್ನು ಮುಚ್ಚಿಹಾಕಲು ಬಚ್ಚಲು ತೊಳೆಯಲು ಶುರುಮಾಡಿದ. ಈ ಭಾಗ ತುಂಬಾ ನಿಧಾನ. ಮಾತೇ ಇಲ್ಲ. ಬಕೆಟ್ಟು, ಒರೆಸುವ ಕೋಲು, ಟಬ್ಬು, ನೆಲ. ಸ್ವಲ್ಪ ಹೊತ್ತು ನೋಡಿ ಅಮ್ಮ, ‘ಎಷ್ಟು ಚೊಕ್ಕಟವಾಗಿ ತೊಳೀತಾನೆ. ನಮ್ಮನೆ ಗಂಡಸ್ರು ಒಂದಿನ ಬಚ್ಚಲು ತಿಕ್ಕಿದ್ದುಂಟಾ?’ ಅಂದಳು. ಅಡುಗೆಮನೆಯಿಂದ ನನ್ನ ಹೆಂಡತಿ, ‘ಸರಿಯಾಗಿ ಕೇಳಿಸ್ಕೊಳ್ರೀ’ ಅಂದಳು.

ಆಮೇಲೆ ನಾರ್ಮನ್ ಹೆಣವನ್ನು ಕಾರಿನ ಡಿಕ್ಕಿಗೆ ಹಾಕಿ, ಕಾರನ್ನು ಕೆಸರಿನ ಹೊಂಡಕ್ಕೆ ತಳ್ಳುತ್ತಾನೆ. ಕಾರು ಗುಳುಗುಳು ಅಂತ ಮುಳುಗುತ್ತದೆ. ಸ್ವಲ್ಪ ಉಳಿದಿರುವಾಗ ನಿಂತುಬಿಡುತ್ತದೆ. ನಾರ್ಮನ್ ಬಾಯಲ್ಲಿ ಏನೋ ಜಗಿಯುತ್ತಿದ್ದವನು ಜಗಿಯುವುದನ್ನು ನಿಲ್ಲಿಸುತ್ತಾನೆ. ನಮ್ಮ ಹಾಲಿನಲ್ಲೂ ಎಲ್ಲರೂ ಉಸಿರು ಬಿಗಿಹಿಡಿದೆವು.

‘ಅಯ್ಯೋ, ಮುಳುಗ್ಲೇ ಇಲ್ವಲ್ಲ!’ ಅಂದಳು ಅಮ್ಮ.

ಕಾರು ಮುಳುಗಿತು. ಅಮ್ಮ ‘ಸದ್ಯ’ ಅಂತ ನಿಟ್ಟುಸಿರು ಬಿಟ್ಟಳು. ನಾವೂ ಬಿಟ್ಟೆವು. ನೋಡಿ, ಇದು. ಕೆಲವೇ ನಿಮಿಷದ ಹಿಂದೆ ಕೊಲೆಯಾದ ಹುಡುಗಿಯ ಹೆಣ ಆ ಕಾರಿನಲ್ಲಿದೆ. ಇರುವೆಗೂ ಸಕ್ಕರೆ ಹಾಕುವ ನನ್ನ ತಾಯಿ, ಅದು ಬೇಗ ಮುಳುಗಲಿ ಅಂತ ಬೇಡಿಕೊಳ್ಳುತ್ತಿದ್ದಾಳೆ. ಯಾರೂ ಬಲವಂತ ಮಾಡಲಿಲ್ಲ. ಒಂದು ಮೆತ್ತನೆ ಮಾತು, ಒಂದು ಲೋಟ ಹಾಲು, ಒಂದು ತೊಳೆದ ಬಚ್ಚಲು, ಇಷ್ಟೇ ಸಾಕಾಯಿತು. ಕಥೆ ಪೂರ್ತಿ ಗೊತ್ತಿರುವ ನಾನೂ ಪ್ರತಿ ಸಲ ಅಲ್ಲಿ ಉಸಿರು ಹಿಡಿಯುತ್ತೇನೆ. ಚಾಕು ಕಂಡಾಗ ಕಣ್ಣು ಮುಚ್ಚಿಕೊಳ್ಳಬಹುದು. ಇದಕ್ಕೆ ಏನು ಮುಚ್ಚಿಕೊಳ್ಳುವುದು?

‘ಆಪ್ತಮಿತ್ರ’ದಲ್ಲಾದರೆ ವಿಷ್ಣುವರ್ಧನ್ ಡಾಕ್ಟರಾಗಿ ಬಂದು ನಾಗವಲ್ಲಿಯ ಕಾಟ ಬಿಡಿಸಿ ಹೋಗುತ್ತಾರೆ. ‘ಸೈಕೋ’ದಲ್ಲೂ ಕೊನೆಗೆ ಡಾಕ್ಟರು ಬರುತ್ತಾರೆ, ಆದರೆ ಬರೀ ಭಾಷಣ ಮಾಡಿ ಹೋಗುತ್ತಾರೆ. ನಾರ್ಮನ್‌ನ ತಾಯಿ ಸತ್ತು ಎಷ್ಟೋ ವರ್ಷವಾಗಿದೆ, ಕೊಂದವನೂ ಅವನೇ, ಈಗ ಅವಳ ಸೀರೆ... ಅಲ್ಲ, ಗೌನು ತೊಟ್ಟು ಕೊಲ್ಲುತ್ತಿರುವವನೂ ಅವನೇ ಅಂತ. ಒಳ್ಳೆಯ ಸಿನಿಮಾದಲ್ಲಿ ಆ ಭಾಷಣವೊಂದು ಜಾಸ್ತಿಯಾಯಿತು ಅನ್ನುವವರ ಜೊತೆ ನಾನೂ ಇದ್ದೇನೆ. ಅಮ್ಮ ಅಷ್ಟರಲ್ಲಿ ಎದ್ದು ಹುಳಿ ಬಿಸಿ ಮಾಡಲು ಹೋಗಿದ್ದಳು. ವಾಪಸ್ ಬಂದಾಗ ನಾರ್ಮನ್ ಕಂಬಳಿ ಹೊದ್ದು, ಕೈಮೇಲೆ ಕೂತ ನೊಣವನ್ನೂ ಓಡಿಸದೆ ನಮ್ಮನ್ನೇ ನೋಡಿ ನಗುತ್ತಿದ್ದ. ಮಗಳು ವಿಷಯ ವಿವರಿಸಿದಳು. ಅಮ್ಮ ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ.

‘ಕಾಲಕ್ಕೆ ಸರಿಯಾಗಿ ಒಂದು ಮದುವೆ ಮಾಡಿದ್ರೆ ಇಷ್ಟೆಲ್ಲ ಆಗ್ತಿತ್ತಾ?’ ಅಂದಳು.

ಮಾರನೇ ದಿನ ಬೆಳಿಗ್ಗೆ ಫೋನಿನಲ್ಲಿ ಚಿಕ್ಕಮ್ಮನಿಗೆ ಸಿನಿಮಾ ಕಥೆ ಹೇಳುತ್ತಿದ್ದಳು. ಹಿಚ್‌ಕಾಕ್ ಜಗತ್ತಿನ ಕೈಕಾಲು ಹಿಡಿದು ಕಾಪಾಡಿದ ಗುಟ್ಟು ಮೊದಲ ವಾಕ್ಯದಲ್ಲೇ ಹೊರಗೆ ಬಿತ್ತು: ‘ತಾಯಿ ಇಲ್ಲದ ಮಗು ಕಣೇ, ಪಾಪ, ಒಂದು ಲಾಡ್ಜ್ ಇಟ್ಕೊಂಡಿರತ್ತೆ.’