ಸ್ಪಷ್ಟನೆ: ಸೈಕಲ್ ಕಳವಾದರೆ ದೂರು ಕೊಡಬಹುದು

‘ಸೈಕಲ್‌ಗೆ ನೋಂದಣಿ ಸಂಖ್ಯೆ ಇರುವುದಿಲ್ಲ, ಹಾಗಾಗಿ ಕಳವಾದರೆ ದೂರು ಕೊಡಲು ಬರುವುದಿಲ್ಲ; ಮುಂದಿನ ಚಕ್ರಕ್ಕೆ ಬೀಗ ಹಾಕಿದರೆ ಸಾಕು’ ಎಂಬ ಸಂದೇಶವೊಂದು ಮೈಸೂರಿನ ಕಾಲೇಜು ವಿದ್ಯಾರ್ಥಿಗಳ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿದಾಡುತ್ತಿದೆ. ನೋಂದಣಿ ಇಲ್ಲವೆಂಬುದೊಂದೇ ಇದರಲ್ಲಿ ನಿಜ.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 303ನೇ ಕಲಂ ಕಳ್ಳತನವನ್ನು ಅಪರಾಧವೆನ್ನುವಾಗ ವಸ್ತುವಿಗೆ ನೋಂದಣಿ ಇದೆಯೇ ಎಂದು ಕೇಳುವುದಿಲ್ಲ. ಕಳವಾದ ವಸ್ತುವಿನ ಬೆಲೆ 5,000 ರೂಪಾಯಿಗಿಂತ ಕಡಿಮೆಯಿದ್ದರೆ ಅದು ಅಸಂಜ್ಞೇಯ ಅಪರಾಧವಾಗುವುದರಿಂದ ಪೊಲೀಸರು ನೇರವಾಗಿ ತನಿಖೆ ಆರಂಭಿಸಲಾಗದು. ಆದರೂ ಮಾಹಿತಿಯನ್ನು ದಾಖಲಿಸಿಕೊಂಡು ದೂರುದಾರರನ್ನು ಮ್ಯಾಜಿಸ್ಟ್ರೇಟರ ಬಳಿಗೆ ಕಳುಹಿಸಬೇಕಾಗುತ್ತದೆ. ಬಹುಶಃ ಈ ವ್ಯತ್ಯಾಸವೇ ವದಂತಿಯ ಮೂಲವಿರಬಹುದು. ಬೆಲೆಯ ಮೇಲೆ ಇಷ್ಟೆಲ್ಲ ನಿಂತಿರುವುದರಿಂದ ಅದನ್ನು ತೋರಿಸುವ ಖರೀದಿಯ ರಸೀದಿಯನ್ನು ಎಸೆಯಬೇಡಿ.

ಗುರುತಿನ ಮಾತಿಗೆ ಬಂದರೆ, ಸೈಕಲ್ಲನ್ನು ತಲೆಕೆಳಗು ಮಾಡಿ ಪೆಡಲಿನ ಅಚ್ಚು ಹಾದುಹೋಗುವ ಕೊಳವೆಯ ತಳದ ಮಣ್ಣನ್ನು ಒರೆಸಿ ನೋಡಿ. ಹೆಚ್ಚಿನ ಸೈಕಲ್‌ಗಳಲ್ಲಿ ಅಲ್ಲಿಯೇ ಫ್ರೇಮ್ ಸಂಖ್ಯೆಯನ್ನು ಒತ್ತಿರುತ್ತಾರೆ. ಅದರ ಫೋಟೊ ಮೊಬೈಲಿನಲ್ಲಿರಲಿ.

ಮುಂದಿನ ಚಕ್ರಕ್ಕಷ್ಟೇ ಬೀಗ ಹಾಕಿದರೆ ಕಳ್ಳನು ನಟ್ಟು ಬಿಚ್ಚಿ, ಚಕ್ರವನ್ನು ನಿಮಗೇ ಬಿಟ್ಟು ಉಳಿದದ್ದನ್ನು ಒಯ್ಯಬಲ್ಲ. ಫ್ರೇಮು ಮತ್ತು ಹಿಂದಿನ ಚಕ್ರ ಎರಡನ್ನೂ ನೆಲಕ್ಕೆ ಬಿಗಿದ ಕಂಬಿಗೆ ಸೇರಿಸಿ, ಯು ಆಕಾರದ ಉಕ್ಕಿನ ಬೀಗ ಹಾಕುವುದು ಮೇಲು. ತೆಳು ತಂತಿಯ ಬೀಗವನ್ನು ಕಟಿಂಗ್ ಪ್ಲೇಯರ್‌ನಿಂದ ಕ್ಷಣದಲ್ಲಿ ಕತ್ತರಿಸಬಹುದು.

ಅದೇ ಸಂದೇಶದ ಕೊನೆಯಲ್ಲಿ ಸೈಕಲ್‌ಗೆ ಏಕಮುಖ ಸಂಚಾರದ ನಿಯಮವಿಲ್ಲವೆಂದೂ ಇದೆ. ಅದನ್ನು ನಂಬಿ ಮಾನಸಗಂಗೋತ್ರಿಯಿಂದ ಹುಣಸೂರು ರಸ್ತೆಗೆ ಎದುರು ದಿಕ್ಕಿನಲ್ಲಿ ಇಳಿಯಬೇಡಿ. ಎಡಬದಿಯಲ್ಲೇ ಸಾಗಿ, ಸಂಜೆಯಾದರೆ ಹಿಂದೆ ಕೆಂಪು ದೀಪ ಉರಿಯುತ್ತಿರಲಿ.